ಸವೆದ ಉಪ್ಪುಕಾಗದ

“ಬಿಸಾಕ್ರೀ ಅದನ್ನ. ಸವೆದು ಬೋಳಾಗೈತೆ,” ಎಂದು ತಿಪ್ಪಮ್ಮ ಒಳಗಿನಿಂದಲೇ ಗಂಡನನ್ನು ಗದರಿದಳು.

ಗಿರಿಯಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲ ಚಪ್ಪರದ ಕೆಳಗೆ ಅವನ ಬಡಗಿ ಕೆಲಸ. ಮರ ನಯ ಮಾಡುವ ಉಪ್ಪುಕಾಗದಗಳೆಲ್ಲ ಮಡಿಕೆ ಬಿದ್ದು ಹರಿದಿದ್ದವು. ತೆಂಗಿನ ನಾರಿನಿಂದ ತಿಕ್ಕಿ, ಕಾಗದದ ಮರಳುಹರಳಿನ ಸಂದಿಯಲ್ಲಿ ಕೂತಿದ್ದ ಮರದ ಹುಡಿ ಉದುರಿಸಿದ. ಬೆನ್ನಿಗೆ ಹುಣಸೆಬೀಜದ ಅಂಟು ಸವರಿ, ಹಳೇ ಪಂಚೆಯ ತುಂಡು ಅಂಟಿಸಿ, ಗುಂಡುಕಲ್ಲಿನ ಕೆಳಗೆ ಒಣಗಲು ಇಟ್ಟ. ತರೀಕೆರೆಯ ಅಂಗಡಿಗೆ ಹೊಸ ಕಾಗದ ಬರುವುದು ಮುಂದಿನ ವಾರ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದು ನಾಡಿದ್ದೇ.

ಬಾಣಂತನಕ್ಕೆ ಬಂದಿದ್ದ ಮಗಳು ಕಾಂತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಪ್ಪ ಕೂಸನ್ನು ಎತ್ತಿಕೊಂಡದ್ದು ಒಂದೇ ಸಲ. ಅಂದು ಅವನ ಅಂಗೈ ತಗುಲಿ ಎಳೇ ಕೆನ್ನೆಯ ಮೇಲೆ ಕೆಂಪು ಗೀರು ಮೂಡಿತ್ತು. “ಕೈಯೇನ್ರೀ ಇದು, ಅರ!” ಎಂದುಬಿಟ್ಟಿದ್ದಳು ತಿಪ್ಪಮ್ಮ. ಗಂಡನ ಕೈಯನ್ನು ಕಬ್ಬಿಣ ಉಜ್ಜುವ ಅರಕ್ಕೆ ಹೋಲಿಸಿದವಳು ಮರುಗಳಿಗೆಯೇ ಮರೆತಳು, ಅವನು ಮರೆಯಲಿಲ್ಲ. ಅಂದಿನಿಂದ ದೂರ ನಿಂತೇ ಲೊಚಗುಟ್ಟಿ ಕೂಸನ್ನು ಆಡಿಸುತ್ತಾನೆ, ಅದು ತಿರುಗಿ ನೋಡಿದರೆ ಕಳ್ಳನ ಹಾಗೆ ಜಾಗ ಖಾಲಿ ಮಾಡುತ್ತಾನೆ. ಯಗಟಿಗೆ, ಗಂಡನ ಮನೆಗೆ ಹೊರಡುವ ಮೊದಲು ಒಮ್ಮೆಯಾದರೂ ಅಪ್ಪ ಮಗುವನ್ನು ಎತ್ತಿಕೊಳ್ಳಲಿ ಎಂಬುದೊಂದೇ ಕಾಂತಮ್ಮನ ಆಸೆ.

ಮರುದಿನ ಆ ತೇಪೆ ಕಾಗದದಲ್ಲೇ ಗಿರಿಯಪ್ಪ ಮಾಡಿದ್ದ ಹಲಸಿನ ತೊಟ್ಟಿಲು ನಯವಾಯಿತು. ಚಿಕ್ಕಂದಿನಲ್ಲಿ ಅಪ್ಪನೇ ಕಲಿಸಿದಂತೆ ಕಾಂತಮ್ಮ ಚೂರು ಅರಳೆ ತಂದು ಅಂಚಿನ ಮೇಲೆಲ್ಲ ಎಳೆದಳು. ಒರಟಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳಬೇಕು. ಎಲ್ಲೂ ಸಿಕ್ಕಲಿಲ್ಲ.

“ಬೆಣ್ಣೆ ಆಗೈತೆ ಕಣಪ್ಪ. ಈಗ್ಲಾದ್ರೂ ಕೂಸು ಎತ್ಕೋ.”

“ಬ್ಯಾಡ ಕಣವ್ವ. ತೊಟ್ಟಿಲು ನಯ ಆಯ್ತಲ್ಲ, ಸಾಕು.”

ಅವಳಿಗೆ ಅಳುವೇ ಬಂತು.

ಸಂಜೆ ಚಪ್ಪರದ ಕೆಳಗೆ ಮತ್ತೆ ಉಜ್ಜುವ ಸದ್ದು. “ಇನ್ನೇನ್ ಉಳಿದೈತಪ್ಪ ಉಜ್ಜಾಕೆ?” ಎನ್ನುತ್ತ ಹೋದಳು. ಗಿರಿಯಪ್ಪ ತಡಬಡಿಸಿ ಎರಡೂ ಕೈಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡ. ತೊಡೆಯ ಮೇಲಿಂದ ಕಾಗದ ಜಾರಿ ಬಿತ್ತು. ಹಲಸಿನ ಹುಡಿಯಾದರೆ ಹಳದಿ; ಕಾಗದದ ಮೇಲಿದ್ದದ್ದು ಅಂಗೈಯ ಜಡ್ಡುಗಟ್ಟಿದ ಚರ್ಮದ ಬಿಳಿ ಹುಡಿ.

ಕಾಂತಮ್ಮ ಒಳಗೆ ಹೋದಳು. ಕೂಸನ್ನು ತಂದು ಅಪ್ಪನ ಮುಂದೆ ಹಿಡಿದಳು.

ಗಿರಿಯಪ್ಪ ಕೆಂಪಗಾಗಿದ್ದ ಅಂಗೈಗಳನ್ನು ಮೆಲ್ಲಗೆ ಚಾಚಿದ.

“ಮೊದ್ಲು ಅರಳೆ ತಗಂಬಾರವ್ವ,” ಎಂದ.