ಪುನರ್ಪುಳಿಯಂಥ ಹುಳಿ

ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್‌ನಲ್ಲಿ ಸೌದಾಮಿನಿಯ ವೈನ್ ಬಾರು ಮಧ್ಯಾಹ್ನ ಬಾಗಿಲು ತೆರೆಯುತ್ತಿದ್ದಂತೆಯೇ ಕನ್ನಡ ಸಂಘದ ಅಧ್ಯಕ್ಷ ರಘೋತ್ತಮ ಒಳಗೆ ಬಂದರು. ಹೊರಗೆ ಫುಟ್‌ಪಾತಿನಲ್ಲಿಟ್ಟ ಬೋರ್ಡನ್ನು ಅಳಿಸಬೇಕು ಎಂದರು.

ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ದುಂಡಗಿನ ಕನ್ನಡ: 'ಹೊಕ್ಕೈಡೊದ ಕೆಂಪು ವೈನ್. ಹಿಮದಡಿ ಮಲಗಿ ಎದ್ದ ಬಳ್ಳಿ. ಪುನರ್ಪುಳಿಯಂಥ ಹುಳಿ.' ಇಂಗ್ಲಿಷು ಕೆಳಗೆ, ಸಣ್ಣದಾಗಿ.

ದೂರು ಕೊಟ್ಟವಳು ನೀತಾ. ಹೋದ ವಾರ ಅವಳು ಮಗಳು ಲಾಸ್ಯಾಳ ಜೊತೆ ಈ ದಾರಿಯಲ್ಲಿ ಹೋಗುವಾಗ ಹುಡುಗಿ ನಿಂತು ಬೋರ್ಡನ್ನು ಗಟ್ಟಿಯಾಗಿ ಓದಿದ್ದಳಂತೆ. ಸಂಘದ ಶನಿವಾರದ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ಸೌದಾಮಿನಿ ಟೀಚರೇ ಬೀದಿಯಲ್ಲಿ ಹೆಂಡದ ಹೆಸರು ಓದಿಸಿದರೆ ಹೇಗೆ ಎಂದು ನೀತಾ ಕಮಿಟಿಯನ್ನು ಕೇಳಿದ್ದಳು. ರಘೋತ್ತಮ ಒರಟಾಗಿ ಮಾತಾಡುವವರಲ್ಲ. ಪಾರ್ಟಿಗಳಲ್ಲಿ ತಾವೂ ತಗೊಳ್ಳುವುದುಂಟು, ಬಾರಿನ ಬಗ್ಗೆ ತಕರಾರಿಲ್ಲ, ಬೋರ್ಡು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಸಾಕು ಎಂದರು.

ಸೌದಾಮಿನಿ ಅದೇ ವೈನನ್ನು ಎರಡು ಗುಟುಕಿನಷ್ಟು ಬಗ್ಗಿಸಿ ಅವರ ಮುಂದಿಟ್ಟಳು. ಗ್ಲಾಸಿನ ಆಚೆಗಿದ್ದ ಅವಳ ಬೆರಳು ಕಾಣುವಷ್ಟು ತೆಳು ಕೆಂಪು. ಅವರು ಕುಡಿದು ಮುಖ ಹಿಂಡಿದರು.

"ಪಕ್ಕದಲ್ಲೇ ನಾಪಾದ ವೈನ್ ತೋಟ ಇಟ್ಕೊಂಡು ಈ ಹುಳಿನ ಜಪಾನಿಂದ ಯಾಕ್ರೀ ತರಿಸ್ತೀರಾ?"

ಅದನ್ನು ಮಾಡುವವರು ಬರೀ ಗಂಡ ಹೆಂಡತಿ ಎಂದಳು ಸೌದಾಮಿನಿ. ಆ ಚಳಿಯಲ್ಲಿ ಕೆಂಪು ದ್ರಾಕ್ಷಿ ಹಣ್ಣಾಗುವುದಿಲ್ಲ ಎಂದು ಊರೆಲ್ಲ ಹೇಳಿತ್ತು. ಅವರು ಹಿಮ ಬೀಳುವ ಮೊದಲು ಬಳ್ಳಿಗಳನ್ನು ಬಗ್ಗಿಸಿ ನೆಲಕ್ಕೆ ಮಲಗಿಸುತ್ತಾರೆ. ಹಿಮವೇ ಹೊದಿಕೆಯಾಗಿ ಕಾಯುತ್ತದೆ. ಅದು ಕರಗಿದ ಮೇಲೆ ಒಂದೊಂದನ್ನೇ ಎತ್ತಿ ಕಟ್ಟುತ್ತಾರೆ. ಮೊದಲ ಸಲ ಕುಡಿದಾಗ ಅವಳಿಗೆ ಉಡುಪಿಯ ಮನೆಯ ಪುನರ್ಪುಳಿ ಶರಬತ್ತು ನೆನಪಾಗಿತ್ತು. ಅದಕ್ಕೆ ಇಂಗ್ಲಿಷಿನಲ್ಲಿ ಪದ ಸಿಕ್ಕಿರಲಿಲ್ಲ.

"ಲಾಸ್ಯಾ ಪೂರ್ತಿ ಓದಿದಳಾ?" ಎಂದು ಕೇಳಿದಳು.

"ಓದಿದ್ಳಂತೆ. ಅದೇ ಅಲ್ವಾ ಪ್ರಾಬ್ಲಮ್ಮು."

"ಪುನರ್ಪುಳಿಯಲ್ಲಿ ಅರ್ಕಾವತ್ತು ಉಂಟು. ಅದನ್ನು ಸರಿ ಓದಿದಳಾ?"

ರಘೋತ್ತಮ ಹೂಂ ಎಂದು ತಲೆಯಾಡಿಸಿದರು. ತರಗತಿಯಲ್ಲಿ ಲಾಸ್ಯಾ ಒಂದು ಸಾಲನ್ನೂ ಬಾಯಿಬಿಟ್ಟು ಓದಿದವಳಲ್ಲ; ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಅವಳ ಗಂಟಲಿನಿಂದ ಕನ್ನಡ ಹೊರಡಿಸಲು ಸೌದಾಮಿನಿ ಹಾಡು, ಕಥೆ, ಒಗಟು ಎಲ್ಲ ಮಾಡಿ ಸೋತಿದ್ದಳು.

"ಹಾಗಾದರೆ ಅಳಿಸುದಿಲ್ಲ," ಎಂದಳು.

ಅವರು ಕತ್ತು ತಗ್ಗಿಸಿ, ಈ ಶನಿವಾರದಿಂದ ತರಗತಿಯನ್ನು ಅವಳ ಬದಲು ಸಂಘದ ಹೇಮಶ್ರೀ ನೋಡಿಕೊಳ್ಳುತ್ತಾರೆ, ಬೋರ್ಡು ಅಳಿಸದಿದ್ದರೆ ಹೀಗೆ ಎಂದು ಕಮಿಟಿ ಆಗಲೇ ತೀರ್ಮಾನಿಸಿದೆ ಎಂದರು. ಬಾರು ಶುರುವಾಗುವುದಕ್ಕೂ ಎಷ್ಟೋ ಮೊದಲಿನಿಂದ ಅವಳ ಶನಿವಾರಗಳೆಲ್ಲ ಆ ಮಕ್ಕಳವು. ರಘೋತ್ತಮರ ಮುಂದೆ ಅಳಬಾರದೆಂದು ಗ್ಲಾಸನ್ನು ಒಳಗೊಯ್ದು ತೊಳೆದಳು. ಒರೆಸಿ ಇಟ್ಟಳು.

ಆಮೇಲೆ ಡ್ರಾಯರಿನಿಂದ ಸೀಮೆಸುಣ್ಣ ತೆಗೆದುಕೊಂಡು, ಅವರನ್ನು ದಾಟಿಕೊಂಡು ಹೊರಗೆ ಹೋದಳು. ಫುಟ್‌ಪಾತಿನಲ್ಲೇ ಮಂಡಿಯೂರಿ ಬೋರ್ಡಿನಲ್ಲಿದ್ದ ಇಂಗ್ಲಿಷನ್ನು ಅಂಗೈಯಿಂದ ಒರೆಸಿದಳು. ಆ ಜಾಗದಲ್ಲಿ ದೊಡ್ಡದಾಗಿ ಬರೆದಳು: 'ಮಕ್ಕಳಿಗೆ ವೈನ್ ಇಲ್ಲ. ಕನ್ನಡ ಉಂಟು. ಶನಿವಾರ ಬೆಳಿಗ್ಗೆ ಹತ್ತಕ್ಕೆ, ಇಲ್ಲೇ ಹೊರಗೆ.'

ಕಾರಿನತ್ತ ಹೊರಟಿದ್ದ ರಘೋತ್ತಮ ಹಿಂದಿರುಗಿ ಬಂದು ಅದನ್ನು ಓದಿದರು. ಅವರ ದನಿಯಲ್ಲಿ ಕೋಪಕ್ಕಿಂತ ಮರುಕವೇ ಹೆಚ್ಚಿತ್ತು.

"ಯಾರ್ರೀ ಬರ್ತಾರೆ ಇಲ್ಲಿಗೆ? ನಾಲ್ಕು ಜನಕ್ಕೆ ತಿಳೀಲಿ ಅಂದ್ರೆ ಇಂಗ್ಲಿಷಲ್ಲಾದ್ರೂ ಬರೀಬೇಕಲ್ವಾ?"

ಸೌದಾಮಿನಿ ಎದ್ದು ಮಂಡಿಯ ಧೂಳು ಕೊಡವಿದಳು.

"ಓದ್ಲಿಕ್ಕೆ ಬರುವವರು ಬರ್ತಾರೆ."