ಸದ್ದಿಗೊಂದು ಚೀಟಿ

ಅಕ್ಕ ತಮ್ಮ ಇಬ್ಬರೇ ನಡೆಸುತ್ತಿದ್ದ ಸಾಫ್ಟ್‌ವೇರ್ ಕಚೇರಿಗೆ ಬಂದ ಔಷಧಿ ಅಂಗಡಿಯಾಕೆ ಲ್ಯಾಪ್‌ಟಾಪ್ ತೆರೆದು ಅಕ್ಕನ ಮೇಜಿನ ಮೇಲಿಟ್ಟಳು. ಕಿರುಚಾಡಲಿಲ್ಲ, ಕೊಟ್ಟ ಕುರ್ಚಿಯಲ್ಲಿ ಕೂರಲೂ ಇಲ್ಲ. "ಇದು ನಮ್ಮಪ್ಪ ನೀರು ಕೇಳೋ ಸದ್ದು. ನಿಮ್ಮ ಸಾಫ್ಟ್‌ವೇರ್ ಇದಕ್ಕೆ ಏನಂತ ಹೆಸರಿಟ್ಟಿದೆ ನೋಡಿ" ಎಂದಳು. ಪರದೆಯ ಮೇಲೆ ಯಾವುದೋ ಪ್ರೇಮಗೀತೆಯ ಹೆಸರು, ಹಾಡಿದವರ ಹೆಸರು, ಪಕ್ಕದಲ್ಲೊಂದು ಗುಲಾಬಿಯ ಚಿತ್ರ. ಕೆಳಗಿನ ಫೈಲಿಗೆ ಇನ್ನೊಂದು ಹಾಡು, ಅದರ ಕೆಳಗಿನದಕ್ಕೆ ಮತ್ತೊಂದು.

ಅಕ್ಕ ತನ್ನ ತಮ್ಮನೊಡನೆ ಸೇರಿ ಮಾಡಿದ್ದ ಆ ಸಾಫ್ಟ್‌ವೇರಿನ ಕೆಲಸ ಒಂದೇ, ಆಡಿಯೊ ಫೈಲಿನ ಕೊರಳಿಗೆ ಚೀಟಿ ಕಟ್ಟುವುದು. ಇದು ಯಾರ ದನಿ, ಎಂದಿನದು, ಏನು ಎಂದು ಬರೆದಿಟ್ಟರೆ ಬೇಕಾದಾಗ ಸಿಗಬೇಕು, ಅಷ್ಟೆ. ಇತ್ತೀಚೆಗೆ ತಮ್ಮ ಅದಕ್ಕೆ ಒಂದೊಂದೇ ಒಡವೆ ತೊಡಿಸುತ್ತ ಹೋಗಿದ್ದ. ಬಗೆಬಗೆಯ ಬಣ್ಣ, ಒತ್ತಿದರೆ ಅಲ್ಲೇ ಕೇಳಿಸುವ ಗುಂಡಿ, ಹಾಡಿನ ಸಾಹಿತ್ಯ. ಕೊನೆಗೆ, ಫೈಲನ್ನು ತಾನೇ ಕೇಳಿ, ಇಂಟರ್ನೆಟ್ಟಿನಲ್ಲಿ ತಾನೇ ಹುಡುಕಿ, ತಾನೇ ಚೀಟಿ ಬರೆಯುವ ಸೌಲಭ್ಯ. ಅದಕ್ಕೆ ಮನಸೋತೇ ಒಂದು ಫೋನ್ ಕಂಪನಿ ತನ್ನ ಹೊಸ ಫೋನುಗಳಲ್ಲೆಲ್ಲ ಇದನ್ನು ಹಾಕಲು ಮುಂದಾಗಿತ್ತು. ಆ ದಿನ ಮಧ್ಯಾಹ್ನವೇ ಅವರಿಗೆ ತೋರಿಸಬೇಕಿತ್ತು. ತಮ್ಮ ಅದಕ್ಕೆಂದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ.

ಔಷಧಿ ಅಂಗಡಿಯಾಕೆ ನಿಂತೇ ಹೇಳಿದಳು. ಪಾರ್ಶ್ವವಾಯು ಬಡಿದು ಅಪ್ಪನಿಗೆ ಮಾತು ಹೋಗಿದೆ, ಉಳಿದಿರುವುದು ಸದ್ದುಗಳು. ಕೇಳುವವರಿಗೆ ಎಲ್ಲವೂ ಒಂದೇ, ಅವಳಿಗೆ ಮಾತ್ರ ಒಂದೊಂದೂ ಬೇರೆ. ತಾನು ಅಂಗಡಿಯಲ್ಲಿರುವಾಗ ನೋಡಿಕೊಳ್ಳುವ ನರ್ಸಿಗೆ ತಿಳಿಯಲೆಂದು ಪ್ರತಿಯೊಂದನ್ನೂ ರೆಕಾರ್ಡ್ ಮಾಡಿ, ನೀರು, ದೀಪ ಆರಿಸು, ಮಗ್ಗುಲು ತಿರುಗಿಸು ಎಂದು ಚೀಟಿ ಬರೆದಿದ್ದಳು. ನಿನ್ನೆ ಹೊಸ ನರ್ಸ್ ಬಂದಿದ್ದಳು. ಅಪ್ಪ ಒಂದೇ ಸದ್ದನ್ನು ಮತ್ತೆ ಮತ್ತೆ ಮಾಡಿದ್ದಾರೆ. ನರ್ಸ್ ತೆರೆದು ನೋಡಿದರೆ ಬರೀ ಹಾಡುಗಳು. ನೀರಿರಬಹುದೆಂದು ನೀರು ಕುಡಿಸಿದ್ದಾಳೆ, ಮತ್ತೂ ಕುಡಿಸಿದ್ದಾಳೆ. ಸಂಜೆ ಮಗಳು ಬಂದು ಹೊದಿಕೆ ತೆಗೆದಾಗ ಅಪ್ಪನ ಕಾಲು ಮಂಚದ ಸರಳಿಗೆ ಸಿಕ್ಕಿಕೊಂಡು ಊದಿ ನೀಲಿಯಾಗಿತ್ತು.

ಬೇರೆ ಪ್ರತಿ ಇಟ್ಟಿರಲಿಲ್ಲವೇ ಎಂದು ತಮ್ಮ ಮೆಲ್ಲಗೆ ಕೇಳಿದ. ಇಟ್ಟಿದ್ದೆ, ಅದನ್ನೂ ನಿಮ್ಮ ಸಾಫ್ಟ್‌ವೇರೇ ಹೀಗೇ 'ಸರಿಮಾಡಿತು' ಎಂದಳು ಆಕೆ.

ಅಕ್ಕ ತಮ್ಮನ ಕಡೆ ತಿರುಗಿದಳು. "ಜನ ಕೈಯಾರೆ ಬರೆದಿದ್ದರ ಮೇಲೂ ಇದು ಬರೆಯುತ್ತಾ?"

"ತಪ್ಪು ಅನ್ನಿಸಿದ್ರೆ ತಿದ್ದುತ್ತೆ. ಅದೇ ಅಲ್ವಾ ಕಂಪನಿಯವರಿಗೆ ಹಿಡಿಸಿದ್ದು? ಬರೀ ಚೀಟಿ ಅಂಟಿಸೋದು ಯಾರಿಗೆ ಬೇಕು ಅಕ್ಕ?"

"ಇವರಿಗೆ ಬೇಕಿತ್ತು. ಖಾಲಿ ಇರೋ ಕಡೆ, ಅದೂ ಕೇಳಿದೋರಿಗೆ ಮಾತ್ರ, ನಿನ್ನ ಯಂತ್ರ ಬರೀಲಿ. ಮನುಷ್ಯರು ಬರೆದಿದ್ದನ್ನ ಅದು ಮುಟ್ಟೋ ಹಾಗಿಲ್ಲ. ಇವತ್ತೇ ತೆಗಿ."

ಇವತ್ತು ಒಂದು ದಿನ ತಡಿ, ಅವರಿಗೆ ತೋರಿಸಿಬಿಡೋಣ, ನಾಳೆ ನಾನೇ ತೆಗೆಯುತ್ತೇನೆ ಎಂದು ತಮ್ಮ ಅಂಗಲಾಚಿದ. ಅಕ್ಕ ಅವನ ಎದುರೇ ಕಂಪನಿಯವರಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯವರು ಸಾವಧಾನವಾಗಿಯೇ ಕೇಳಿಸಿಕೊಂಡು, ಹಾಗಾದರೆ ನೀವು ಇಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳಬೇಡಿ ಎಂದರು. ಅಕ್ಕನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ನಿಮ್ಮನೆಗೆ ಹೋಗೋಣ. ಅಳಿಸಿದೋರೇ ಬರೀಬೇಕು" ಎಂದಳು. ತಮ್ಮ ಗಂಟುಮೋರೆ ಹಾಕಿಕೊಂಡೇ ಹಿಂದೆ ಬಂದ.

ಕಿಟಕಿ ಪಕ್ಕದ ಮಂಚದಲ್ಲಿ ಮುದುಕರು ದಿಂಬಿಗೊರಗಿ ಕೂತಿದ್ದರು. ಕಾಲಿಗೆ ಬಟ್ಟೆ ಸುತ್ತಿತ್ತು. ತಮ್ಮ ಅದನ್ನು ನೋಡಿದ, ಮತ್ತೆ ಆ ಕಡೆ ಕಣ್ಣು ಹಾಯಿಸಲಿಲ್ಲ. ಕೆಳಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಸದ್ದು ಕೇಳಿಸುತ್ತ ಹೋದ. ಮಗಳು ಅರ್ಥ ಹೇಳಿದಳು, ಅವನು ಬರೆದ. ಅವನ ಕೇಳಿಸುವ ಗುಂಡಿಯನ್ನು ಬರೀ ಷೋಕಿ ಎಂದು ಅಕ್ಕ ಎಷ್ಟೋ ಸಲ ಜರಿದಿದ್ದಳು. ಈಗ ಅದಿಲ್ಲದೆ ಕೆಲಸವೇ ಸಾಗುತ್ತಿರಲಿಲ್ಲ. "ಇದೊಂದು ಇರ್ಲಿ ಕಣೋ, ಚೆನ್ನಾಗಿದೆ" ಎಂದು ತಾನಾಗಿಯೇ ಹೇಳಿದಳು. ಅವನ ಮುಖದ ಬಿಗಿ ತುಸು ಸಡಿಲವಾಯಿತು. ಅಂಗಿಯ ಇಸ್ತ್ರಿ ಮುದುರಿಹೋಗಿದ್ದು ಅವನ ಗಮನಕ್ಕೇ ಬಂದಿರಲಿಲ್ಲ.

ಅರ್ಥವಾಗದೆ ಚೀಟಿ ಬರೆಯದೇ ಬಿಟ್ಟಿದ್ದ ಒಂದು ಸದ್ದು ಮಾತ್ರ ಈಗಲೂ ಮಗಳಿಗೆ ಹೊಳೆಯಲಿಲ್ಲ. ಗಂಟಲಿನಿಂದ ಎದ್ದು ಮೂಗಿನಲ್ಲಿ ಮುಗಿಯುವ, ಗುಟುರಿನಂಥ ಸದ್ದು. ಮತ್ತೆ ಮತ್ತೆ ಕೇಳಿಸಿದರೂ ಗೊತ್ತಿಲ್ಲವೆಂದು ತಲೆಯಾಡಿಸಿದಳು. ತಮ್ಮ ಎದ್ದು ಲ್ಯಾಪ್‌ಟಾಪನ್ನು ಮುದುಕರ ಹತ್ತಿರ ಹಿಡಿದ. ಅವರು ಕಿವಿಗೊಟ್ಟು ಕೇಳಿದರು. ಸರಿಯಿದ್ದ ಅರ್ಧ ತುಟಿಯಲ್ಲಿ ನಗು ಸುಳಿಯಿತು. ಎಡಗೈ ಚಾಚಿ ಮಗಳ ಕಿವಿ ಹಿಂಡಿದರು.

"ಅಯ್ಯೋ, ಇದು ಬೈಗುಳ" ಎಂದಳು ಮಗಳು, ನಗುತ್ತ. "ಇದನ್ನ ರೆಕಾರ್ಡ್ ಮಾಡಿದ ದಿನ ನಾನು ತಡವಾಗಿ ಬಂದಿದ್ದಕ್ಕೆ ಬೈದಿದ್ದು."

ತಮ್ಮ ಬರೆಯಲು ಹೊರಟವನು ತಡೆದು, ಮುದುಕರತ್ತ ತಿರುಗಿದ. "ಯಜಮಾನ್ರೇ, ಬೈಗುಳ ಅಂತಾನೇ ಬರೀಲಾ?"

ಮುದುಕರು ಊದಿದ ಕಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಅವನ ಮುಖಕ್ಕೇ ಕಣ್ಣು ನೆಟ್ಟು, ಅದೇ ಸದ್ದು ಮಾಡಿದರು.