ಮುಂಗಡ ಸಮಾಧಿ

ಊರಿನ ಹಳೇ ರುದ್ರಭೂಮಿಯಲ್ಲಿ ದಿವಾನರು, ಕವಿಗಳು, ಪೈಲ್ವಾನರು ಮಲಗಿರುವ ಗಣ್ಯರ ಸಾಲಿನಲ್ಲಿ ಒಂದೇ ಜಾಗ ಉಳಿದಿತ್ತು. ಅದು ಬೇರೆಯವರ ಪಾಲಾದೀತೆಂದು ನಗರಸಭೆಯ ಮಾಜಿ ಅಧ್ಯಕ್ಷ ಮರುಳಸಿದ್ದಪ್ಪನವರು ಬದುಕಿರುವಾಗಲೇ ಅಲ್ಲಿ ತಮ್ಮ ಸಮಾಧಿ ಕಟ್ಟಿಸಿ, ಹೆಸರು ಕೆತ್ತಿಸಿಬಿಟ್ಟರು.

ವರ್ಷ ಬಿಟ್ಟು ಕುಂಟುತ್ತಾ ನೋಡಲು ಬಂದರೆ, ಸಮಾಧಿಯ ಮುಂದೆ ಜನವೋ ಜನ! ಹೂವು, ಕಾಯಿ, ಕರ್ಪೂರ!

"ಏನಯ್ಯಾ ಇದು?" ಎಂದು ಕಾವಲುಗಾರನ ಮೇಲೆ ರೇಗಿದರು.

"ಮೆತ್ತಗೆ ಮಾತಾಡಿ ಸ್ವಾಮಿ. ಈ ಅಜ್ಜಯ್ಯನಿಗೆ ಹರಕೆ ಹೊತ್ತರೆ ಎಂಥಾ ಮಂಡಿನೋವೂ ಮಾಯ."

"ಲೇ, ಆ ಅಜ್ಜಯ್ಯ ನಾನೇ ಕಣೋ! ಒಳಗೆ ಯಾರೂ ಇಲ್ಲ!"

"ಹಂಗನ್ನಬೇಡಿ. ಹೋದ ವಾರ ಕೋಲೂರಿಕೊಂಡು ಬಂದ ಎಂಟು ಜನ ಕೋಲು ಇಲ್ಲೇ ಬಿಟ್ಟು ನಡೆದುಕೊಂಡು ಹೋದರು. ಅಲ್ನೋಡಿ."

ಗೋಡೆಗೆ ಒರಗಿಸಿದ್ದ ಕೋಲುಗಳನ್ನು ನೋಡಿದ ಮರುಳಸಿದ್ದಪ್ಪನವರು ತಮ್ಮ ಎಡಮಂಡಿ ಸವರಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು, ಕೈಮುಗಿದುಕೊಂಡು, ಸರದಿಯ ಕೊನೆಯಲ್ಲಿ ಹೋಗಿ ನಿಂತರು.